ಹಿಮನದಿಯನ್ನು ದೊಡ್ಡದಾಗಿ ಹಾಸಬೇಕು: ಕಿರ್ಗಿಸ್ತಾನದ ಉಣ್ಣೆಯ ದಾರಿಯಲ್ಲಿ ಆರು ದಿನ

ಮೊದಲ ದಿನ: ಬಿಶ್ಕೆಕ್, ಅಲಾ-ಅರ್ಚಾ

ಕರಗುತ್ತಿರುವ ಹಿಮನದಿಯೊಂದರ ಚಿತ್ರವನ್ನು ಉಣ್ಣೆಯಲ್ಲೇ ಮಾಡಿಕೊಂಡು ಬರುವುದು ಈ ಪ್ರವಾಸದ ಉದ್ದೇಶ. ರಾಜಧಾನಿ ಬಿಶ್ಕೆಕ್‌ನ ಓಶ್ ಬಜಾರಿನಲ್ಲಿ ಕಾಲಿಟ್ಟ ಕಡೆಯಲ್ಲೆಲ್ಲ ಉಣ್ಣೆ. ಬಿಳಿ ಟೋಪಿ, ಚಪ್ಪಲಿ, ಕುರ್ಚಿಯ ಹಾಸು, ಗೋಡೆಗೆ ತೂಗುಹಾಕುವ ಚಿತ್ರ, ಎಲ್ಲವೂ ಫೆಲ್ಟ್. ನಮ್ಮ ಕಂಬಳಿಯಂತೆ ಇದಕ್ಕೆ ನೂಲಿಲ್ಲ, ಮಗ್ಗವಿಲ್ಲ, ಹಾಸು ಹೊಕ್ಕು ಏನೂ ಇಲ್ಲ. ಹಿಂಜಿದ ತುಪ್ಪಟವನ್ನು ಬಿಸಿನೀರು ಹಾಕಿ ಹೊಸೆದು, ಒದ್ದು, ಎಳೆಗಳು ಬಿಡಿಸಲಾಗದಂತೆ ಸಿಕ್ಕಾಗಿಸಿದ ಬಟ್ಟೆ ಇದು. ಗಂಡಸರು ಹಾಕುವ ಅಕ್-ಕಲ್ಪಕ್ ಎಂಬ ಎತ್ತರದ ಟೋಪಿ ಇಂಥ ನಾಲ್ಕು ತುಂಡುಗಳನ್ನು ಸೇರಿಸಿ ಹೊಲಿದದ್ದು. ಅದರ ಕಸುಬು 2019ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು.

ಬಜಾರಿನಲ್ಲಿ ಅಕ್ರಿಲಿಕ್ ಬೆರೆತ ಮಾಲೂ ಧಾರಾಳವಾಗಿದೆ. ಅಂಚಿನಿಂದ ನಾಲ್ಕೆಳೆ ಕಿತ್ತು ಬೆಂಕಿಕಡ್ಡಿ ತೋರಿಸಿದರೆ ಸಾಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗಿ ಕೂರುತ್ತದೆ. ಅಂಗಡಿಯವರನ್ನು ಕೇಳಿಯೇ ಎಳೆ ಕೀಳುವುದು ಒಳ್ಳೆಯದು. ಅಸಲಿ ಮಾಲಿನವರು ತಾವೇ ಲೈಟರ್ ಕೊಡುತ್ತಾರೆ.

ಮಧ್ಯಾಹ್ನ ಊರಿನ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದ ಅಲಾ-ಅರ್ಚಾ ಕಣಿವೆ. ಅದರ ತಲೆಯಲ್ಲಿ ಗೊಲುಬಿನ್ ಹಿಮನದಿ ಇದೆ. 1958ರಿಂದ ಅದರ ಹಿಮದ ಲೆಕ್ಕ ಬರೆದಿಡುತ್ತಿದ್ದರು. ಸೋವಿಯತ್ ಒಕ್ಕೂಟ ಒಡೆದ ಮೇಲೆ 1990ರ ದಶಕದಲ್ಲಿ ಅಳತೆ ನಿಂತುಹೋಯಿತು, ಹದಿನೈದು ವರ್ಷದ ಮೇಲಾದ ಬಳಿಕ ಮತ್ತೆ ಶುರುವಾಯಿತು. ಹಿಮನದಿಯ ಬುಡದವರೆಗೆ ಹೋಗಿಬರಲು ಬೆಳಗ್ಗೆಯೇ ಹೊರಡಬೇಕು. ಮಧ್ಯಾಹ್ನ ಹೊರಟವರಿಗೆ ನದಿಯ ಪಕ್ಕದ ದಾರಿಯಲ್ಲಿ ಎರಡು ಗಂಟೆ ನಡೆದು ದೂರದಿಂದ ನೋಡುವ ಭಾಗ್ಯವಷ್ಟೇ. ಆ ದೂರದ ನೋಟವೇ ಮುಂದಿನ ದಿನಗಳಿಗೆ ಬೇಕಾದ ಪಾಠ ಕೊಟ್ಟಿತು.

ಹಿಮ ಎಂದರೆ ಬಿಳಿ, ಮೇಲೊಂದಿಷ್ಟು ನೀಲಿ ಎಂದು ಉಣ್ಣೆ ಆರಿಸುವವರು ಇಲ್ಲಿ ಬಂದು ನೋಡಬೇಕು. ಜೂನ್ ತಿಂಗಳಲ್ಲಿ ಶುದ್ಧ ಬಿಳಿ ಇರುವುದು ಮೇಲಿನ ಹೊಸ ಹಿಮದಲ್ಲಿ ಮಾತ್ರ. ಕೆಳಗಿನ ನಾಲಗೆಯಂಥ ಭಾಗ ಬೂದು, ಜಲ್ಲಿ, ಕೊಳೆ ಹಿಡಿದ ಹತ್ತಿಯ ಬಣ್ಣ. ನೀಲಿ ಬಿರುಕಿನ ಒಳಗೆ ಮಾತ್ರ ಇಣುಕುತ್ತದೆ. ಮಂಜುಗಡ್ಡೆ ಹಿಂದೆ ಸರಿದ ಜಾಗದಲ್ಲಿ ಎರಡೂ ಕಡೆ ಬೋಳು ಕಲ್ಲುದಿಬ್ಬ ಉಳಿದಿರುತ್ತದೆ, ಬಕೆಟ್ಟಿನ ನೀರು ಇಳಿದ ಮೇಲೆ ಒಳಗೆ ಉಳಿಯುವ ಗೆರೆಯ ಹಾಗೆ. ಚಿತ್ರದಲ್ಲಿ ಕರಗುವಿಕೆಯನ್ನು ಹೇಳುವುದು ಆ ಗೆರೆಯೇ ಹೊರತು ನೀಲಿಯಲ್ಲ.

ಎರಡನೇ ದಿನ: ಬೂಮ್ ಕಮರಿ ದಾಟಿ ಕೊಚ್ಕೊರ್

ಮಿನಿಬಸ್ಸಿಗೆ ಇಲ್ಲಿ ಮಾರ್ಷ್ರುತ್ಕಾ ಅನ್ನುತ್ತಾರೆ. ತುಂಬಿದಾಗ ಹೊರಡುತ್ತದೆ, ಅಷ್ಟೇ ಅದರ ವೇಳಾಪಟ್ಟಿ. ಎಡಗಡೆಯ ಕಿಟಕಿ, ಬಲಗಡೆಯ ಕಿಟಕಿ ಎಂದು ಜಗಳವಾಡುವ ಅಗತ್ಯವಿಲ್ಲ. ಬೂಮ್ ಕಮರಿಯಲ್ಲಿ ಎರಡೂ ಕಡೆ ಬಂಡೆ, ನಡುವೆ ಕೆಸರು ಕಾಫಿ ಬಣ್ಣದ ಚೂ ನದಿ. ಈ ದಾರಿಯಲ್ಲಿ ಗಾಳಿ ಎಷ್ಟೆಂದರೆ ಚಹಾಕ್ಕೆ ಇಳಿದಾಗ ಒಬ್ಬರ ಟೋಪಿ ಹಾರಿ ನೇರ ನದಿ ಸೇರಿತು. ಚಾಲಕ ನಕ್ಕು, "ನಮ್ಮ ಕಲ್ಪಕ್ ಹಾಕಿದ್ದರೆ ಹಾರುತ್ತಿರಲಿಲ್ಲ" ಅಂದ. ಅದು ಸುಳ್ಳು. ಕಲ್ಪಕ್ ಕೂಡ ಹಾರುತ್ತದೆ, ಆದರೆ ಎತ್ತಿಕೊಂಡು ಒದರಿದರೆ ಆಕಾರ ಕೆಡುವುದಿಲ್ಲ.

ಅದೇ ಚಾಲಕ ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲಿಗೆ, ಅವರ ಭಾಷೆಯಲ್ಲಿ ಜೈಲೂಗೆ, ಕುರಿ ಹೊಡೆದುಕೊಂಡು ಹೋಗುವ ಮನೆಯವ. ಕುರಿಯ ಮಾತು ಬಂದರೆ ನಿಲ್ಲಿಸುವವನಲ್ಲ. ಸೋವಿಯತ್ ಕಾಲದಲ್ಲಿ ಮಿಲ್ಲಿಗೆ ನಯವಾದ ಉಣ್ಣೆ ಬೇಕೆಂದು ಇಲ್ಲಿನ ಕೊಬ್ಬುಬಾಲದ ಒರಟು ಉಣ್ಣೆಯ ಕುರಿಗೆ ಮೆರಿನೊ ತಳಿ ಬೆರೆಸಿದರು. ಒಕ್ಕೂಟ ಒಡೆದಾಗ ಮಿಲ್ಲೂ ಹೋಯಿತು, ಹಿಂಡುಗಳೂ ಕರಗಿದವು. ಈಗ ಹಿಂಡು ಮತ್ತೆ ಬೆಳೆದಿದೆ, ಆದರೆ ಸಾಕುವುದು ಮಾಂಸಕ್ಕೆ. ಉಣ್ಣೆಗೆ ಬೆಲೆಯಿಲ್ಲ. ನಮ್ಮ ಕಡೆ ದಖನಿ ಕುರಿಯ ಉಣ್ಣೆಯ ಪಾಡೂ ಇದೇ. ಊರು ಬಿಟ್ಟು ಇಷ್ಟು ದೂರ ಬಂದರೂ ಕುರಿಗಾಹಿಯ ಗೋಳು ಒಂದೇ.

ಕೊಚ್ಕೊರ್ ಸಮುದ್ರಮಟ್ಟದಿಂದ ಸುಮಾರು 1800 ಮೀಟರ್ ಎತ್ತರದ ಪುಟ್ಟ ಊರು. ಇಲ್ಲಿನ ಹಣವಾದ ಸೋಮ್ ನಗದಾಗಿ ಬಿಶ್ಕೆಕ್‌ನಲ್ಲೇ ತೆಗೆದಿಟ್ಟುಕೊಂಡರೆ ನೆಮ್ಮದಿ. ರಾತ್ರಿ ಮನೆಯೂಟದಲ್ಲಿ ಬೂರ್ಸೋಕ್, ಅಂದರೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ದಿಂಬು, ಜೊತೆಗೆ ಜರ್ದಾಳು ಜಾಮ್, ಕೆನೆ. ಮಾಂಸ ತಿನ್ನದವರು ಮುಂಚೆಯೇ ಹೇಳಿದರೆ ಆಲೂಗಡ್ಡೆ, ಎಲೆಕೋಸು ಬೇಯಿಸಿ ಕೊಡುತ್ತಾರೆ. ಹೇಳದಿದ್ದರೆ ಲಗ್ಮನ್ ಶಾವಿಗೆಯೊಳಗೂ ಮಾಂಸ ಇದ್ದೇ ಇರುತ್ತದೆ.

ಮೂರನೇ ದಿನ: ಹಾಸುವುದು, ಒದೆಯುವುದು

ಕೊಚ್ಕೊರ್‌ನ ಹೆಂಗಸರು ಮಾಡುವ ಹಾಸು ಎರಡು ಬಗೆ. ಬಣ್ಣದ ಉಣ್ಣೆಯನ್ನು ಮೊದಲೇ ಚಿತ್ರವಾಗಿ ಹರಡಿ ಒಟ್ಟಿಗೆ ಒತ್ತಿ ಮಾಡಿದ್ದು ಅಲಾ-ಕಿಯಿಜ್. ತಯಾರಾದ ಫೆಲ್ಟ್ ಕತ್ತರಿಸಿ ಜೋಡಿಸಿ ಹೊಲಿದದ್ದು ಶಿರ್ದಕ್. ಇವೆರಡನ್ನೂ ಯುನೆಸ್ಕೋ 2012ರಲ್ಲಿ ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಯ ಪಟ್ಟಿಗೆ ಸೇರಿಸಿತು. ಗೊಲುಬಿನ್ ಹಿಮನದಿಯ ಚಿತ್ರಕ್ಕೆ ಮೊದಲ ವಿಧಾನವೇ ಸರಿ.

ಅಂಗಳದಲ್ಲಿ ಎರಡು ವಿಲೋ ಕೋಲು ಹಿಡಿದ ಹಿರಿಯ ಹೆಂಗಸು ತೊಗಲಿನ ಮೇಲೆ ಉಣ್ಣೆ ಬಡಿಯುತ್ತಿದ್ದರು. ಇಲ್ಲಿ ವಯಸ್ಸಿನಲ್ಲಿ ದೊಡ್ಡ ಹೆಂಗಸರನ್ನು ಎಜೆ ಎಂದು ಕರೆಯಬೇಕು, ನಮ್ಮ ಅಕ್ಕನ ಹಾಗೆ. ಬಡಿತಕ್ಕೆ ಧೂಳು, ಮುಳ್ಳು, ಹುಲ್ಲುಕಡ್ಡಿ ಎಲ್ಲ ಉದುರಿ ಉಣ್ಣೆ ಮೋಡದ ಹಾಗೆ ಉಬ್ಬುತ್ತದೆ. ಕೈಗೆ ಸಿಗುವ ಮುಳ್ಳನ್ನು ಈ ಹಂತದಲ್ಲೇ ತೆಗೆಯಬೇಕು, ಫೆಲ್ಟ್ ಆದ ಮೇಲೆ ಇಕ್ಕಳ ಹಾಕಿದರೂ ಬರುವುದಿಲ್ಲ. ಶರತ್ಕಾಲದಲ್ಲಿ ಕತ್ತರಿಸಿದ ಗಿಡ್ಡ ಎಳೆಯ ಉಣ್ಣೆ ಫೆಲ್ಟಿಗೆ ಉತ್ತಮ ಎಂದು ಅವರು ಎರಡು ಮುಷ್ಟಿಯನ್ನೂ ತೋರಿಸಿ ಹೇಳಿದರು. ವಸಂತದ ಉದ್ದ ಎಳೆ ಬೇಗ ಒಂದಕ್ಕೊಂದು ಹೆಣೆದುಕೊಳ್ಳುವುದಿಲ್ಲ. ಅಂಗಳದ ತುಂಬ ಉಣ್ಣೆ ಹಾರಾಡುತ್ತಿರುವಾಗಲೇ ಚಹಾ, ರೊಟ್ಟಿ ಬಂತು. ಕಂಬಳಿ ಮೇಲೆ ಕೂತು ಉಣ್ಣುವಾಗ ಕೂದಲು ಎಣಿಸಬಾರದು ಅನ್ನುವುದು ಇಂಥ ಕಡೆಗೇ ಇರಬೇಕು.

ಲೆಕ್ಕ ಹೀಗೆ. ಮುಗಿದಾಗ 70 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರದ ಚಿತ್ರ ಬೇಕು. ಈ ಉಣ್ಣೆ ಉದ್ದಗಲ ಎರಡರಲ್ಲೂ ಶೇ 30ರಷ್ಟು ಕುಗ್ಗುತ್ತದೆ. ಹಾಗಾಗಿ ಹಾಸಬೇಕಾದದ್ದು 100 ಸೆಂ.ಮೀ.ಗೆ 71. ಚಿತ್ರದೊಳಗಿನ ಹಿಮನದಿ 40 ಸೆಂ.ಮೀ. ಉದ್ದ ಕಾಣಬೇಕಾದರೆ 57 ಸೆಂ.ಮೀ. ಹರಡಬೇಕು. ಹೊಸಬರು ಎಡವುವುದು ಇಲ್ಲೇ. ಕಾಗದದ ಮೇಲೆ ಬೇಕಾದ ಅಳತೆಯಲ್ಲೇ ಬರೆದುಕೊಂಡು ಬರುತ್ತಾರೆ, ಕೊನೆಗೆ ಬೆಟ್ಟ ಗುಡ್ಡವಾಗುತ್ತದೆ.

ಕೆಳಗೆ ಚಿಯ್ ಎಂಬ ಜೊಂಡಿನಂಥ ಹುಲ್ಲುಕಡ್ಡಿಯ ಚಾಪೆ. ಅದರ ಮೇಲೆ ಬೂದು ಒರಟು ಉಣ್ಣೆ ನಾಲ್ಕು ಪದರ, ಪದರಕ್ಕೆ 80 ಗ್ರಾಂ. ಮೊದಲನೆಯದರ ಎಳೆ ಅಡ್ಡ, ಎರಡನೆಯದರದು ಉದ್ದ, ಮತ್ತೆ ಅಡ್ಡ, ಮತ್ತೆ ಉದ್ದ. ಒಂದೇ ದಪ್ಪ ಪದರ ಹಾಕಿದರೆ ಎಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿ, ಮುಗಿದಾಗ ಒಂದು ಕಡೆ ಎಳೆದರೆ ಹರಿಯುತ್ತದೆ. ಅಂಗೈ ಮೇಲಿಟ್ಟು ಒತ್ತುತ್ತಾ ಹೋದರೆ ತೆಳುವಾದ ಜಾಗ ತಗ್ಗಾಗಿ ಸಿಗುತ್ತದೆ, ಅಲ್ಲಿ ಚಿಟಿಕೆ ಉಣ್ಣೆ ಸೇರಿಸಬೇಕು. ಅಂಚುಗಳು ಸದಾ ತೆಳುವಾಗುತ್ತವೆ, ಅದಕ್ಕೆ ಅಲ್ಲಿ ಕೈ ಸ್ವಲ್ಪ ಧಾರಾಳವಾಗಿರಲಿ.

ಮೇಲೆ ಚಿತ್ರಕ್ಕೆ ಒಟ್ಟು 130 ಗ್ರಾಂ. ಬೆಟ್ಟಕ್ಕೆ ಕಂದು ಮತ್ತು ಇದ್ದಿಲ ಬಣ್ಣದ ಉಣ್ಣೆಯನ್ನು ಕೈಬ್ರಷ್ಷಿನಲ್ಲಿ ಎರಡೇ ಸಲ ಎಳೆದು ಅರೆಬರೆ ಬೆರೆಸಿದ್ದು. ಪೂರ್ತಿ ಬೆರೆಸಿದರೆ ಗೋಣಿಚೀಲದ ಬಣ್ಣವಾಗುತ್ತದೆ, ಬಂಡೆಯ ಪದರ ಕಾಣುವುದಿಲ್ಲ. ಹಿಂದೆ ಸರಿದ ಗೆರೆಗೆ ಬಿಡಿ ಉಣ್ಣೆ ಆಗದು. ಅದು ನೀರು ಬಿದ್ದ ಕೂಡಲೇ ಹರಡಿ ಮಂಜಿನಂತೆ ಮಸುಕಾಗುತ್ತದೆ. ಮೊದಲೇ ಅರ್ಧ ಫೆಲ್ಟ್ ಮಾಡಿ ಒಣಗಿಸಿದ ತೆಳು ಹಾಳೆಯಿಂದ ಬೆರಳಗಲದ ಪಟ್ಟಿ ಕತ್ತರಿಸಿ ಇಟ್ಟರೆ ಅಂಚು ಚೂಪಾಗಿ ನಿಲ್ಲುತ್ತದೆ. 1958ರಲ್ಲಿ ಮಂಜುಗಡ್ಡೆ ಎಲ್ಲಿಯವರೆಗೆ ಇತ್ತೋ ಅಲ್ಲಿಗೊಂದು ಬೂದು ಪಟ್ಟಿ, ಈಗಿನ ಅಂಚಿಗೆ ಇನ್ನೊಂದು, ನಡುವೆ ಬರೀ ಕಲ್ಲಿನ ಬಣ್ಣ. ಕರಗಿದ ನೀರಿಗೆ ರೇಷ್ಮೆ ಎಳೆ. ರೇಷ್ಮೆಗೆ ತಾನಾಗಿ ಸಿಕ್ಕಾಗುವ ಗುಣವಿಲ್ಲ, ಅದರ ಮೇಲೆ ಜೇಡರಬಲೆಯಷ್ಟು ತೆಳುವಾಗಿ ಉಣ್ಣೆ ಹರಡಿದರೆ ಮಾತ್ರ ಹಿಡಿದುಕೊಳ್ಳುತ್ತದೆ.

ಹಿಮಕ್ಕೆ ಮಾತ್ರ ಬಿಶ್ಕೆಕ್‌ನಿಂದ ತಂದ ಬಿಳಿ ಮೆರಿನೊ. ಎಜೆ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ಮೂಗು ಮುರಿದು, ಏನೋ ಅಂದರು. ಅತಿಥಿಗೃಹದ ಹುಡುಗಿ ಅನುವಾದಿಸಿದಳು: "ಈ ಉಣ್ಣೆಗೆ ಅವಸರ ಜಾಸ್ತಿ ಅಂತೆ."

ಕೆಟಲಿನಿಂದ ಕುದಿನೀರು ಚಿಮುಕಿಸಿ, ಚಾಪೆ ಸಮೇತ ಬಿಗಿಯಾಗಿ ಸುತ್ತಿ, ಹಗ್ಗ ಕಟ್ಟಿ, ಒದೆಯುವುದು. ಇಬ್ಬರು ಒದೆಯುತ್ತಾ, ಒಬ್ಬರು ಹಗ್ಗ ಎಳೆಯುತ್ತಾ ಅಂಗಳದ ಆ ತುದಿಯಿಂದ ಈ ತುದಿಗೆ. ದೊಡ್ಡ ಹಾಸಾದರೆ ಕುದುರೆಗೋ ಕತ್ತೆಗೋ ಕಟ್ಟಿ ಎಳೆಸುತ್ತಾರೆ. ಅರ್ಧ ಗಂಟೆಗೊಮ್ಮೆ ಬಿಚ್ಚಿ, ಕಾಲುಭಾಗ ತಿರುಗಿಸಿ ಮತ್ತೆ ಸುತ್ತಬೇಕು. ಫೆಲ್ಟ್ ಉರುಳಿಸಿದ ದಿಕ್ಕಿಗೇ ಹೆಚ್ಚು ಕುಗ್ಗುವುದರಿಂದ, ತಿರುಗಿಸದಿದ್ದರೆ ಚೌಕ ಹಾಕಿದ್ದು ಪಟ್ಟಿಯಾಗಿ ಹೊರಬರುತ್ತದೆ.

ಒಳಗೆ ನಡೆಯುವುದು ಇಷ್ಟು. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹುರುಪೆಯಂಥ ಪದರಗಳಿವೆ, ಎಲ್ಲದರ ತುದಿಯೂ ಎಳೆಯ ತುದಿಯ ಕಡೆಗೇ. ಬಿಸಿನೀರು, ಸಾಬೂನಿಗೆ ಅವು ಸ್ವಲ್ಪ ಏಳುತ್ತವೆ. ಉಜ್ಜಿದಾಗ ಎಳೆ ಬುಡದ ದಿಕ್ಕಿಗೆ ಮಾತ್ರ ಜಾರಬಲ್ಲದು, ಹಿಂದಕ್ಕೆ ಬರಲು ಹುರುಪೆ ಬಿಡುವುದಿಲ್ಲ. ಒಂದು ಕಡೆಗೆ ಮಾತ್ರ ತೆರೆಯುವ ಬಾಗಿಲು ಅನ್ನಿ. ಅದಕ್ಕೇ ಕುಗ್ಗಿದ ಫೆಲ್ಟನ್ನು ಏನು ಮಾಡಿದರೂ ಮತ್ತೆ ಹಿಗ್ಗಿಸಲಾಗದು. ಮೆಷಿನ್‌ನಲ್ಲಿ ಒಗೆಯಬಹುದು ಎಂದು ಚೀಟಿ ಇರುವ ಉಣ್ಣೆಯಲ್ಲಿ ಈ ಹುರುಪೆಯನ್ನು ರಾಸಾಯನಿಕದಿಂದ ಸವೆಸಿರುತ್ತಾರೆ ಅಥವಾ ಮುಚ್ಚಿರುತ್ತಾರೆ. ಅದನ್ನು ತಂದರೆ ಒದ್ದು ಕಾಲು ನೋವಷ್ಟೇ.

ಎರಡನೇ ಸಲ ಬಿಚ್ಚಿದಾಗ ಅವಾಂತರ ಗೊತ್ತಾಯಿತು. ಬಿಳಿ ಮೆರಿನೊ ಕೆಳಗಿನ ಬೂದು ಉಣ್ಣೆಗಿಂತ ಮುಂಚೆಯೇ ಬಿಗಿದುಕೊಂಡು, ಹಿಮನದಿಯ ಸುತ್ತ ಬೆಟ್ಟವೆಲ್ಲ ನೆರಿಗೆ ನೆರಿಗೆ. ಕೆಳಗಿನ ಮೂಲೆಯಲ್ಲಿ ಬಿಳಿ ಪದರ ಹಾಲಿನ ಕೆನೆಯ ಹಾಗೆ ಇಡಿಯಾಗಿ ಏಳುತ್ತಿತ್ತು. ಕಾರಣ ಸರಳ. ನಯವಾದ ಉಣ್ಣೆಯ ಎಳೆ ಕೆಳಗಿಳಿದು ಬೂದಿನೊಳಗೆ ಸೇರುವ ಮೊದಲೇ ಕುದಿನೀರು ಬಿದ್ದು, ತನ್ನಷ್ಟಕ್ಕೆ ತಾನೇ ಚರ್ಮ ಕಟ್ಟಿಕೊಂಡಿದೆ. ಎರಡರ ನಡುವೆ ಅರ್ಧ ಬಿಳಿ, ಅರ್ಧ ಬೂದು ಬೆರೆಸಿದ ತೆಳು ಪದರ ಇರಬೇಕಿತ್ತು. ಮೊದಲ ಹತ್ತು ನಿಮಿಷ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಬರೀ ಅಂಗೈಯಿಂದ ಸವರಿ, ಆಮೇಲೆ ಬಿಸಿ ಏರಿಸಬೇಕಿತ್ತು. ಎದ್ದ ಮೂಲೆಯನ್ನು ಮೇಲೆತ್ತಿ, ಕೆಳಗೆ ಒರಟು ಉಣ್ಣೆಯ ಚಿಟಿಕೆ ತುರುಕಿ, ಅಲ್ಲೊಂದಿಷ್ಟು ಹೊತ್ತು ಉಜ್ಜಿದ ಮೇಲೆ ಹಿಡಿಯಿತು. ನೆರಿಗೆಯನ್ನು ನೇರ ಮಾಡಲು ಎಳೆಯ ಹೋದರೆ ಎಜೆ ಕೈಗೊಂದು ಏಟು ಕೊಟ್ಟು, "ಬಿಡಿ, ಮಂಜುಗಡ್ಡೆ ಬಿರಿದದ್ದು ಹಾಗೇ ಇರುತ್ತದೆ" ಅಂದರು. ಮಾತು ನಿಜ. ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಬಣ್ಣ ಬಳಸಿ ಬಿಡಿಸಿದ ಬಿರುಕಿಗಿಂತ ಆ ನೆರಿಗೆಯ ಬಿರುಕೇ ಚೆನ್ನಾಗಿತ್ತು.

ಕೊನೆಗೆ ಮಂಡಿಯೂರಿ ಕೂತು, ಬಟ್ಟೆ ಸಾಬೂನು ಹಚ್ಚಿ, ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗದಿಂದ ಉರುಳಿಸುವುದು. ಇದು ಒದೆಯುವುದಕ್ಕಿಂತ ಸುಸ್ತು. ಎರಡು ಬೆರಳಲ್ಲಿ ಮೇಲ್ಮೈ ಚಿವುಟಿದರೆ ಬಿಡಿ ಎಳೆ ಮೇಲೆದ್ದರೆ ಇನ್ನೂ ಆಗಿಲ್ಲ. ಇಡೀ ಹಾಸೇ ಎದ್ದುಬಂದರೆ ಆಯಿತು.

ನಾಲ್ಕನೇ ದಿನ: ಮಳೆ

ಬೆಳಗ್ಗೆಯಿಂದ ಮಳೆ, ಒದ್ದೆ ಫೆಲ್ಟ್ ಒಳಗೇ. ಅಡುಗೆಮನೆಯ ಒಲೆ ಪಕ್ಕ ನೇತುಹಾಕೋಣವೆಂದರೆ ಎಜೆ ಒಪ್ಪಲಿಲ್ಲ. ನೇತುಹಾಕಿದರೆ ತನ್ನ ಭಾರಕ್ಕೆ ತಾನೇ ಜೋತು ಕೆಳಗಿನ ಅಂಚು ಅಲೆಯಾಗುತ್ತದೆ. ಮಟ್ಟಸವಾಗಿ ಹರಡಿ, ಆಗಾಗ ಮಗುಚಿ ಹಾಕುತ್ತಿರಬೇಕು. ಸಾಬೂನು ಪೂರ್ತಿ ಹೋಗುವವರೆಗೆ ಜಾಲಾಡಿ, ಕೊನೆಯ ನೀರಿಗೆ ಒಂದಿಷ್ಟು ವಿನೆಗರ್ ಹಾಕುವುದನ್ನು ಮರೆಯಬಾರದು. ಸಾಬೂನಿನ ಕ್ಷಾರ ಉಳಿದರೆ ಉಣ್ಣೆ ಕಾಲಕ್ರಮೇಣ ಒರಟಾಗಿ ಬಲ ಕಳೆದುಕೊಳ್ಳುತ್ತದೆ.

ಮಳೆಯ ದಿನ ಶಿರ್ದಕ್ ಕತ್ತರಿಸುವುದನ್ನು ನೋಡುವ ಅವಕಾಶವಾಯಿತು. ಎರಡು ಬಣ್ಣದ ಫೆಲ್ಟನ್ನು ಒಂದರ ಮೇಲೊಂದಿಟ್ಟು, ಸೀಮೆಸುಣ್ಣದಲ್ಲಿ ಟಗರಿನ ಕೊಂಬಿನ ಸುರುಳಿ ಬರೆದು, ಎರಡನ್ನೂ ಒಟ್ಟಿಗೆ ಚಾಕುವಿನಿಂದ ಕೊಯ್ಯುತ್ತಾರೆ. ಕೆಂಪಿನ ಕೊಂಬು ಕಪ್ಪಿನ ತೂತಿಗೆ, ಕಪ್ಪಿನದು ಕೆಂಪಿಗೆ. ಚೂರೂ ಹಾಳಾಗದೆ ಜೋಡಿ ಹಾಸು ಹುಟ್ಟುತ್ತದೆ. ಸೇರುವ ಗೆರೆಯ ಮೇಲೆ ಎರಡು ಹುರಿ: ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ ಹೊಸೆದದ್ದು. ಪಕ್ಕಪಕ್ಕ ಹೊಲಿದಾಗ ಜಡೆ ಹೆಣೆದಂತೆ ಕಾಣುತ್ತದೆ. ಎರಡೂ ಒಂದೇ ಕಡೆ ಹೊಸೆದದ್ದಾದರೆ ಜಡೆ ಕಾಣುವುದಿಲ್ಲ, ಕೊಳ್ಳುವವರು ನೋಡಬೇಕಾದದ್ದು ಇದನ್ನೇ. ಕೆಳಗೆ ಇನ್ನೊಂದು ದಪ್ಪ ಫೆಲ್ಟ್ ಸೇರಿಸಿ ಒತ್ತೊತ್ತಾಗಿ ಹೊಲಿದಿರಬೇಕು, ಅಂಟು ಹಾಕಿದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಒಲೆಯ ಪಕ್ಕ ಕೂತಾಗ ಪಜಿರಿಕ್ ಗೋರಿಗಳ ಮಾತು ಬಂತು. ಇಲ್ಲಿಂದ ಈಶಾನ್ಯಕ್ಕೆ, ಅಲ್ತಾಯ್ ಬೆಟ್ಟಗಳಲ್ಲಿ, ಎರಡು ಸಾವಿರ ವರ್ಷಕ್ಕೂ ಹಿಂದಿನ ಗೋರಿಗಳೊಳಗೆ ನೀರು ಇಳಿದು ಹೆಪ್ಪುಗಟ್ಟಿತ್ತು. 1940ರ ದಶಕದ ಕೊನೆಯಲ್ಲಿ ಪುರಾತತ್ವಜ್ಞ ರುದೆಂಕೊ ಅಗೆದಾಗ ಆ ಮಂಜುಗಡ್ಡೆಯೊಳಗಿಂದ ಫೆಲ್ಟಿನ ಹಂಸಗಳೂ, ಬಣ್ಣ ಮಾಸದ ದೊಡ್ಡ ಗೋಡೆ ಹಾಸೂ ಸಿಕ್ಕವು. ಈಗ ಅವು ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟಾಜ್‌ನಲ್ಲಿವೆ. ಉಣ್ಣೆಗೆ ಹುಳು, ಶಿಲೀಂಧ್ರ ಎರಡೂ ಶತ್ರು, ಮಂಜುಗಡ್ಡೆ ಎರಡನ್ನೂ ದೂರ ಇಟ್ಟಿತ್ತು. ಅಲ್ತಾಯ್‌ನ ನೆಲ ಬೆಚ್ಚಗಾದರೆ ಇನ್ನೂ ಅಗೆಯದ ಗೋರಿಗಳ ಉಣ್ಣೆ ಕಣ್ಣಿಗೆ ಬೀಳುವ ಮುಂಚೆಯೇ ಕೊಳೆಯುತ್ತದೆ.

ಐದನೇ ದಿನ: ಇಸ್ಸಿಕ್-ಕುಲ್‌ನ ದಕ್ಷಿಣ ದಡ

ಬಿಸಿಲು ಬಂತು, ಅಂಗಳದಲ್ಲಿ ಮಧ್ಯಾಹ್ನದವರೆಗೆ ಒಣಗಿಸಿ ಹೊರಟದ್ದು. ಬೊಕೊನ್‌ಬಾಯೆವೊ ಕಡೆಯ ದಾರಿಯಲ್ಲಿ ಎಡಕ್ಕೆ ಸರೋವರ, ಬಲಕ್ಕೆ ತೆರ್ಸ್ಕೇಯ್ ಬೆಟ್ಟಸಾಲು. ಸರೋವರ 182 ಕಿ.ಮೀ. ಉದ್ದ, 668 ಮೀಟರ್ ಆಳ. ನೂರಕ್ಕೂ ಹೆಚ್ಚು ತೊರೆಗಳು ಒಳಬರುತ್ತವೆ, ಹೊರಹೋಗುವ ನದಿ ಒಂದೂ ಇಲ್ಲ. ನೀರು ಲಘುವಾಗಿ ಉಪ್ಪು, ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ಕಳೆದ ಶತಮಾನದ ಆರಂಭದಿಂದ ಮಟ್ಟ ಎರಡು ಮೀಟರಿಗೂ ಹೆಚ್ಚು ಇಳಿದಿದೆ. ತೊರೆಗಳ ನೀರು ಹೊಲಕ್ಕೆ ತಿರುಗಿದ್ದು ಅದಕ್ಕೊಂದು ದೊಡ್ಡ ಕಾರಣ. ದಡದಲ್ಲಿ ಜರ್ದಾಳು ಮಾರುತ್ತಿದ್ದ ಮುದುಕ ರಸ್ತೆಯಿಂದ ನೀರಿನವರೆಗೆ ಬೆರಳು ಎಳೆದು ತೋರಿಸಿ, ಹುಡುಗನಾಗಿದ್ದಾಗ ಈ ಪೊದೆಗಳ ಜಾಗದಲ್ಲಿ ಈಜುತ್ತಿದ್ದೆವು ಎಂದ.

ಬರ್ಸ್ಕೂನ್ ಕಣಿವೆಯ ಬಾಯಲ್ಲಿ ಲಾರಿಗಳ ಧೂಳು. ಮೇಲೆ, 4,000 ಮೀಟರ್ ಎತ್ತರದ ಆಸುಪಾಸಿನಲ್ಲಿ, ದಾವಿದೋವ್ ಹಿಮನದಿಯ ಮಂಜುಗಡ್ಡೆಯನ್ನೇ ಅಗೆದು ಬದಿಗೆ ಹಾಕಿದ ಚಿನ್ನದ ಗಣಿಯಿದೆ. ಧೂಳು ಕೂತ ಹಿಮ ಬಿಸಿಲನ್ನು ಹೆಚ್ಚು ಹೀರಿ ಬೇಗ ಕರಗುತ್ತದೆ. ಫೆಲ್ಟಿನಲ್ಲಿ ಈ ಧೂಳು ತರಿಸುವುದು ಸುಲಭವಲ್ಲ. ಬೂದು ಉಣ್ಣೆಯನ್ನು ಬಿಳಿಯ ಮೇಲೆ ಹರಡಿದರೆ ಮೋಡದ ನೆರಳಿನಂತೆ ಕಾಣುತ್ತದೆ. ಕಪ್ಪು ಉಣ್ಣೆಯನ್ನು ಕತ್ತರಿಯಿಂದ ಅರ್ಧ ಸೆಂ.ಮೀ. ಚೂರು ಮಾಡಿ ಉದುರಿಸಿ ಸೂಜಿಯಿಂದ ಕುಟ್ಟಿದರೆ ಮಾತ್ರ ಧೂಳಾಗುತ್ತದೆ.

ಆರನೇ ದಿನ: ಕರಾಕೋಲ್

ಕರಾಕೋಲ್‌ಗೆ ಬಂದವರು ಅಷ್ಲ್ಯಾನ್-ಫು ತಿನ್ನದೆ ಹೋಗಬಾರದು. ಹುಳಿ, ಖಾರದ ತಣ್ಣನೆ ಸಾರಿನಲ್ಲಿ ಶಾವಿಗೆ ಮತ್ತು ಗಂಜಿಯ ಜೆಲ್ಲಿ, ಚೀನಾ ಮೂಲದ ಮುಸ್ಲಿಮರಾದ ದುಂಗನ್ ಜನ ಇಲ್ಲಿಗೆ ತಂದ ತಿಂಡಿ. ಐದು ದಿನ ಸಪ್ಪೆ ಉಂಡ ನಾಲಿಗೆಗೆ ಜೀವ ಬಂತು.

ಸಂಜೆ ಸೂಜಿ ಕೆಲಸ. ಫೆಲ್ಟಿಂಗ್ ಸೂಜಿಯ ಮೈಯಲ್ಲಿ ಸಣ್ಣ ಕಚ್ಚುಗಳಿರುತ್ತವೆ, ಎಳೆಯನ್ನು ಒಳಗೆ ತಳ್ಳುತ್ತವೆ, ಹಿಂದೆ ಬರುವಾಗ ಬಿಟ್ಟುಬರುತ್ತವೆ. ಕಲ್ಲುದಿಬ್ಬಕ್ಕೆ ತೊಳೆಯದ ಗುಂಗುರು ಉಣ್ಣೆ ಕೂರಿಸಲು 36ನೇ ನಂಬರ್, ಧೂಳಿಗೆ 38, ಕೊನೆಯ ನಯಕ್ಕೆ 40. ನಂಬರ್ ಹೆಚ್ಚಿದಷ್ಟೂ ಸೂಜಿ ತೆಳು. ಕೆಳಗೆ ದಪ್ಪ ಸ್ಪಾಂಜ್ ಇರಬೇಕು. ಹೋದ ಕೋನದಲ್ಲೇ ಸೂಜಿ ಹೊರಬರಬೇಕು, ಒಳಗಿರುವಾಗ ಓರೆ ಮಾಡಿದರೆ ಟಕ್ಕನೆ ಮುರಿಯುತ್ತದೆ. ಎರಡು ಮುರಿದವು. ಒಂದರ ತುದಿ ಒಳಗೇ ಉಳಿದು, ಅಯಸ್ಕಾಂತ ಆಡಿಸಿ ಹುಡುಕಿ ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಸೂಜಿಯ ಡಬ್ಬಿಯನ್ನು ವಿಮಾನದ ಕೈಚೀಲದಲ್ಲಿ ಇಡದೆ ದೊಡ್ಡ ಚೀಲಕ್ಕೆ ಹಾಕಿ. ಫೆಲ್ಟನ್ನು ಮಡಚದೆ ಸುತ್ತಿ. ನುಸಿ ಬಾರದಿರಲು ಇಲ್ಲಿನವರು ಒಣ ಮಾಚಿಪತ್ರೆಯ ಜಾತಿಯ ಸೊಪ್ಪು ಇಡುತ್ತಾರೆ, ಊರಿಗೆ ಬಂದ ಮೇಲೆ ಎರಡು ವಾರ ಫ್ರೀಜರಿನಲ್ಲಿಟ್ಟರೆ ಇನ್ನೂ ಭದ್ರ.

ಸುತ್ತುವ ಮುನ್ನ ಟೇಪು ಹಿಡಿದದ್ದು. ಹಾಸು 69 ಸೆಂ.ಮೀ.ಗೆ 50, ಲೆಕ್ಕ ಹೆಚ್ಚುಕಡಿಮೆ ಸರಿ. ಹಿಮನದಿ ಮಾತ್ರ 40ಕ್ಕೆ ಬದಲು 36. ಮೆರಿನೊ ತನ್ನ ಪಾಲಿಗಿಂತ ಹೆಚ್ಚು ಕುಗ್ಗಿ, ಈಗಿನ ಅಂಚೆಂದು ಇಟ್ಟಿದ್ದ ಬೂದು ಪಟ್ಟಿಯಿಂದಲೂ ಒಂದು ಬೆರಳು ಹಿಂದೆ ಸರಿದಿತ್ತು. ನಡುವೆ ಸೂಜಿಯಿಂದ ಬಿಳಿ ತುಂಬಬಹುದಿತ್ತು, ತುಂಬಲಿಲ್ಲ. ಹಿಂಬದಿಗೆ ಹೊಲಿದ ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟದ್ದು ಇಷ್ಟು: ಹಾಸಿದ್ದು 57, ಉಳಿದದ್ದು 36, ಮುಂದಿನ ಸಲ 63.